'ಯೂಶಾ' ಪದಕ್ಕೆ ಕನ್ನಡದಲ್ಲಿ ಏನನ್ನೋಣ?

ಅಕ್ಕನ ಮಗಳಿಗೆ 10 ವರ್ಷ. ಭಾನುವಾರ ಬಂದರೆ ಇಬ್ಬರೂ ಕೂತು 'ಡ್ರಾಗನ್ ಕ್ವೆಸ್ಟ್: ದಿ ಅಡ್ವೆಂಚರ್ ಆಫ್ ದಾಯ್' ಎಂಬ ಅನಿಮೆ, ಅಂದರೆ ಜಪಾನಿ ಕಾರ್ಟೂನ್, ನೋಡುತ್ತೇವೆ. 2020ರಿಂದ 2022ರವರೆಗೆ ಬಂದ 100 ಕಂತುಗಳ ಹೊಸ ಸರಣಿ ಅದು. ಅವಳಿಗಾಗಿ ನಾನು ಮಾತುಗಳನ್ನು ಜತೆಜತೆಗೇ ಕನ್ನಡದಲ್ಲಿ ಹೇಳುತ್ತಾ ಹೋಗುವುದು ರೂಢಿ. ಮೊದಲ ಕಂತಿನಲ್ಲೇ 'ಯೂಶಾ' ಎಂಬ ಜಪಾನಿ ಪದ ನನ್ನನ್ನು ಕಟ್ಟಿಹಾಕಿತು.

'ಯೂ' ಎಂದರೆ ಧೈರ್ಯ, 'ಶಾ' ಎಂದರೆ ಅದುಳ್ಳ ವ್ಯಕ್ತಿ. ಹಾಗಿದ್ದರೆ 'ವೀರ' ಸಾಕಲ್ಲ ಎನ್ನಬಹುದು, ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಯೂಶಾ ಬರಿಯ ಗುಣವಾಚಕವಲ್ಲ, ಅದೊಂದು ಪಟ್ಟ. ಈ ಕಥೆಗೆ ಮೂಲವಾದ ವಿಡಿಯೋ ಆಟಗಳನ್ನೇ ನೋಡಿ. ಯೂಜಿ ಹೋರಿಯಿ ರೂಪಿಸಿದ ಮೊದಲ ಡ್ರಾಗನ್ ಕ್ವೆಸ್ಟ್ 1986ರಲ್ಲಿ ಬಂತು. 1988ರ ಮೂರನೆಯ ಆಟದಲ್ಲಿ ಯೋಧ, ಮಂತ್ರವಾದಿ, ವ್ಯಾಪಾರಿ ಮುಂತಾದವರು ಒಂದು ಹಂತದ ನಂತರ ತಮ್ಮ ವೃತ್ತಿ ಬದಲಿಸಿಕೊಳ್ಳಬಹುದು. ಯೂಶಾ ಮಾತ್ರ ಬದಲಿಸುವ ಹಾಗಿಲ್ಲ, ಬೇರೆ ಯಾರೂ ಯೂಶಾ ಆಗುವ ಹಾಗೂ ಇಲ್ಲ. ಆ ಪಾತ್ರ ಗಂಡೋ ಹೆಣ್ಣೋ ಎಂಬುದು ಆಡುವವರ ಆಯ್ಕೆ. ಎರಡಕ್ಕೂ ಪದ ಒಂದೇ. ನಮ್ಮ 'ವೀರ' ಇಲ್ಲೇ ಎಡವುತ್ತದೆ: ಹೆಣ್ಣಾದರೆ ವೀರೆ, ವೀರವನಿತೆ, ವೀರರಾಣಿ ಎಂದು ಬಾಲ ಕಟ್ಟಬೇಕು. 'ನಾಯಕ'ನ ಕತೆಯೂ ಅದೇ, ಮೇಲಾಗಿ ಸಿನಿಮಾ ಹೀರೋ ನೆನಪಾಗುತ್ತಾನೆ.

'ಧೈರ್ಯಶಾಲಿ' ಎಂದರೆ ಲಿಂಗದ ತೊಡಕು ತೀರುತ್ತದೆ, ಕಥೆ ಕೆಡುತ್ತದೆ. ಸರಣಿಯಲ್ಲಿ ಗುರು ಅವಾನ್ ಕೊಟ್ಟ ಪದಕಗಳು ಆಯಾ ಶಿಷ್ಯರ ಗುಣಕ್ಕೆ ತಕ್ಕಂತೆ ಬೆಳಗುತ್ತವೆ. ಯೂಶಾ ಆದ ದಾಯ್‌ನದು ನಿರ್ಮಲ ಮನಸ್ಸು. ಧೈರ್ಯದ ಬೆಳಕು ಹೊತ್ತಿಕೊಳ್ಳುವುದು ದಾಯ್‌ನ ಗೆಳೆಯ ಪಾಪ್‌ನ ಪದಕದಲ್ಲಿ. ಶುರುವಿನಲ್ಲಿ ಗೆಳೆಯನನ್ನೇ ಬಿಟ್ಟು ಓಡುವ ಪುಕ್ಕಲ ಅವನು! ನನಗೆ ಇಡೀ ಸರಣಿಯಲ್ಲಿ ಅತಿ ಪ್ರಿಯವಾದ ಘಟ್ಟ ಅದು. ದಾಯ್‌ಗೆ 'ಧೈರ್ಯಶಾಲಿ' ಎಂಬ ಹೆಸರನ್ನು ಮೊದಲೇ ಕೊಟ್ಟುಬಿಟ್ಟರೆ ಪಾಪ್‌ಗೆ ಏನು ಉಳಿಯಿತು?

ನನಗೆ ಹೊಳೆದದ್ದು 'ಕಲಿ'. ಹಳಗನ್ನಡದ ಕಲಿ, ಶೂರ ಎಂಬರ್ಥದ್ದು. ಗಮಕ ಕೇಳಿದವರಿಗೆ 'ಕಲಿಪಾರ್ಥ' ಹೊಸದಲ್ಲ. ಚಿಕ್ಕ ಪದ, ಇಕಾರಾಂತ, ಬಿರುದಿನ ಗತ್ತೂ ಇದೆ. "ಕಲಿ ದಾಯ್ ಬಂದ" ಅಂದೆ. ಹುಡುಗಿ ನನ್ನ ಕಡೆ ತಿರುಗಿ, "ಏನ್ ಕಲೀಬೇಕು ಮಾಮ?" ಅಂದಳು. ಹಿರಿಯರಿಗಾದರೆ ನಳನನ್ನು ಹೊಕ್ಕು ಕಾಡಿದ ಕಲಿ ನೆನಪಾದಾನು. ಹೀಗಿದ್ದೂ ಈ ಪದ ಬಿಡಲು ಮನಸ್ಸಾಗುತ್ತಿಲ್ಲ.

ಇದಕ್ಕೆ ಅಂಟಿಕೊಂಡೇ ಬರುವ ಇನ್ನೊಂದು ಪದ, ಯೂಶಾನ ಎದುರಾಳಿ 'ಮಾಓ'. 'ಓ' ಎಂದರೆ ರಾಜ. 'ಮಾ' ನಮ್ಮ ಕಡೆಯಿಂದಲೇ ಹೋದದ್ದು: ಬುದ್ಧನ ತಪಸ್ಸು ಕೆಡಿಸಲು ಬಂದ ಸಂಸ್ಕೃತದ 'ಮಾರ'ನ ಹೆಸರು ಬರೆಯಲೆಂದು ಚೀನಾದಲ್ಲಿ ಹುಟ್ಟಿದ ಅಕ್ಷರ, ಅಲ್ಲಿಂದ ಜಪಾನಿಗೆ ಬಂತು. ಬಿಡಿಸಿ ನೋಡಿದರೆ ಹೊರಗೆ ಉಚ್ಚಾರ ತೋರಿಸುವ ಅಂಗ, ಒಳಗೆ ಪ್ರೇತ ಎಂಬರ್ಥದ ಅಂಗ. ಹಾಗಂತ 'ಮಾರರಾಜ' ಎಂದು ಮರಳಿ ತರೋಣವೆಂದರೆ, ಕನ್ನಡ ಕಾವ್ಯದಲ್ಲಿ ಮಾರ ಎಂದರೆ ಹೂಬಾಣದ ಮನ್ಮಥ. ಲೋಕವನ್ನೇ ಸುಡಲು ಹೊರಟ ಖಳನಿಗೆ ಅದು ಒಗ್ಗುವುದಿಲ್ಲ. ಇದಕ್ಕೆ 'ಅಸುರರಾಜ' ಎಂದು ನಿರ್ಧರಿಸಿದ್ದೇನೆ, ಅವಳೂ ಒಪ್ಪಿದ್ದಾಳೆ.

ಉಳಿದದ್ದು ಯೂಶಾ. ಹಳಗನ್ನಡ ಬಲ್ಲವರಲ್ಲಿ ನನ್ನ ಪ್ರಶ್ನೆ: ಕಾವ್ಯದಲ್ಲಾಗಲಿ ಶಾಸನದಲ್ಲಾಗಲಿ ಹೆಣ್ಣೊಬ್ಬಳನ್ನು 'ಕಲಿ' ಎಂದು ಕರೆದ ಪ್ರಯೋಗ ಇದೆಯೇ? ಇದ್ದರೆ ದಯವಿಟ್ಟು ಸಾಲು ಸಮೇತ ತಿಳಿಸಿ. ಇಲ್ಲವಾದರೆ, ಗಂಡು ಹೆಣ್ಣು ಇಬ್ಬರಿಗೂ ಸಲ್ಲುವ, ಪಟ್ಟದ ತೂಕವಿರುವ ಬೇರೆ ಪದ ನಿಮ್ಮ ಊರಿನ ಮಾತಿನಲ್ಲಿದ್ದರೂ ಸರಿ, ಹೇಳಿ.