ಬಾಲಚುಕ್ಕಿಯ ಕಾಂತಿಮಾನ 'ಏರಿತು' ಅಂದರೆ ಬೆಳಕು ಜಾಸ್ತಿಯಾಯಿತೋ, ಕಡಿಮೆಯಾಯಿತೋ?

ಎಲ್ಲರಿಗೂ ನಮಸ್ಕಾರ. 'ಕಾಂತಿಮಾನ' ಅನ್ನೋ ಪದದ ಬಗ್ಗೆ ಕೇಳಬೇಕಿತ್ತು. ಆಕಾಶದ ವಸ್ತು ನಮಗೆ ಎಷ್ಟು ಹೊಳೆಯುತ್ತಾ ಕಾಣುತ್ತೆ ಅಂತ ಹೇಳುವ ಸಂಖ್ಯೆ ಅದು, ಇಂಗ್ಲಿಷಿನ ಮ್ಯಾಗ್ನಿಟ್ಯೂಡ್. ತುಂಬಾ ದಿನದಿಂದ ತಲೆ ಕೊರೆಯುತ್ತಿದೆ.

ನಮ್ಮ ಬಡಾವಣೆಯ ಮಕ್ಕಳಿಗೆ ಆಕಾಶದಲ್ಲಿ ಏನೇನು ಕಾಣುತ್ತೆ ಅಂತ ಆಗಾಗ ಅರ್ಧ ಪುಟ ಬರೆದು ಕೊಡುತ್ತೇನೆ. 2024ರ ಅಕ್ಟೋಬರಿನಲ್ಲಿ ಸುಚಿನ್‌ಶಾನ್-ಅಟ್ಲಾಸ್ ಬಾಲಚುಕ್ಕಿ ಬಂದಿತ್ತಲ್ಲ, ಆಗಂತೂ ದಿನಾ ಬರೆಯುತ್ತಿದ್ದೆ. ತಿಂಗಳ ಮೊದಲ ದಿನಗಳಲ್ಲಿ ಅದು ಬೆಳಗಿನ ಜಾವ ಪೂರ್ವದಲ್ಲಿ ಕಾಣುತ್ತಿತ್ತು. ಆಮೇಲೆ ಸೂರ್ಯನ ಪ್ರಭೆಯಲ್ಲಿ ಮರೆಯಾಗಿ, 12ನೇ ತಾರೀಕು ಭೂಮಿಗೆ ಅತಿ ಹತ್ತಿರ ಬಂದು, ಅಲ್ಲಿಂದ ಮುಂದೆ ಸಂಜೆ ಪಶ್ಚಿಮದಲ್ಲಿ ದಿನದಿಂದ ದಿನಕ್ಕೆ ಮೇಲೆ ಸರಿಯುತ್ತಾ ಹೋಯಿತು. ಹಾಗೆ ಮೇಲೆ ಸರಿದಷ್ಟೂ ಮಂಕಾಗುತ್ತಿತ್ತು. ಒಂದು ದಿನ ನಾನು ಹೀಗೆ ಬರೆದೆ: 'ವಾರದಲ್ಲಿ ಕಾಂತಿಮಾನ 1ರ ಆಸುಪಾಸಿನಿಂದ 3ರ ಹತ್ತಿರಕ್ಕೆ ಏರಿದೆ.'

ಅವತ್ತು ಸಂಜೆ ಮಳೆ ಬಿಟ್ಟಿತ್ತು. ತಾರಸಿಗೆ ಹಿಂದೆಂದೂ ಬಾರದಷ್ಟು ಜನ ಬಂದರು. ಪಕ್ಕದ ಮನೆಯ ಅಜ್ಜಿ ಮಂಡಿ ಹಿಡಿದುಕೊಂಡು ಎರಡು ಮಹಡಿ ಹತ್ತಿದ್ದರು. ಎಲ್ಲರೂ ಓದಿಕೊಂಡಿದ್ದು ಒಂದೇ: ಮಾನ ಏರಿದೆ, ಅಂದರೆ ಬೆಳಕು ಹೆಚ್ಚಿದೆ. ನಾನು ಹೇಳಿದ್ದು ಅದರ ತದ್ವಿರುದ್ಧ: ಈ ಲೆಕ್ಕದಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಕಡಿಮೆ. ಅಜ್ಜಿ ಬಹಳ ಹೊತ್ತು ಹುಡುಕಿ, 'ಮೊನ್ನೆಯೇ ಚೆನ್ನಾಗಿತ್ತಲ್ಲಪ್ಪಾ' ಅಂದರು. ಅವರ ಕಣ್ಣು ಸರಿಯಾಗಿಯೇ ಇತ್ತು. ತಪ್ಪಿದ್ದು ನನ್ನ ವಾಕ್ಯ.

ಅವರು ಹಾಗೆ ಓದಿಕೊಂಡಿದ್ದರಲ್ಲಿ ಏನೂ ತಪ್ಪಿಲ್ಲ. ತಾಪಮಾನ ಏರಿತು ಅಂದರೆ ಬಿಸಿ ಜಾಸ್ತಿಯಾಯಿತು. ಹಾಗಾದರೆ ಕಾಂತಿಮಾನ ಏರಿತು ಅಂದರೆ ಕಾಂತಿ ಜಾಸ್ತಿಯಾಗಬೇಕು, ಅಲ್ವಾ? ಕನ್ನಡದ ಕಿವಿಗೆ 'ಮಾನ' ಅಂದಕೂಡಲೇ ಕೇಳಿಸುವುದು ಆ ಅರ್ಥವೇ. ಕೆಲವರು 'ಉಜ್ವಲತಾಂಕ' ಅಂತ ಬರೆಯುವುದನ್ನೂ ಓದಿದ್ದೇನೆ. 'ಅಂಕ' ಇರುವುದರಿಂದ ಸ್ವಲ್ಪ ವಾಸಿ ಅನ್ನಿಸಿದರೂ ಪರೀಕ್ಷೆಯ ಅಂಕದ ಹಾಗೆ ಅಲ್ಲೂ ಜಾಸ್ತಿ ಬಂದರೆ ಒಳ್ಳೆಯದು ಅನ್ನೋ ಭಾವನೆ ಹೋಗುವುದಿಲ್ಲ. ಮೇಲಾಗಿ ಏಳನೇ ತರಗತಿಯ ಹುಡುಗಿಯ ಬಾಯಲ್ಲಿ ಆ ಪದ ಹೊರಳುವುದೇ ಕಷ್ಟ.

ಇಷ್ಟಕ್ಕೂ ಈ ಲೆಕ್ಕ ತಿರುಗಾಮುರುಗಾ ಯಾಕೆ ಅಂತ ನೋಡಿದರೆ, ಮೂಲದಲ್ಲಿ ಅದು ಅಳತೆಯೇ ಅಲ್ಲ. ಹಳೆಯ ಗ್ರೀಕರು ಕಣ್ಣಿಗೆ ಕಾಣುವ ನಕ್ಷತ್ರಗಳನ್ನು ಆರು ಗುಂಪು ಮಾಡಿದ್ದರು. ಎಲ್ಲಕ್ಕಿಂತ ಹೊಳೆಯುವವು ಮೊದಲನೆಯ ಗುಂಪು, ಕಣ್ಣು ಕಿರಿದು ಮಾಡಿ ನೋಡಿದರಷ್ಟೇ ಕಾಣುವವು ಆರನೆಯದು. ಟಾಲೆಮಿಯ ನಕ್ಷತ್ರಪಟ್ಟಿಯಲ್ಲಿ ಇರುವುದು ಇದೇ ಕ್ರಮ. 1856ರಲ್ಲಿ ಇಂಗ್ಲೆಂಡಿನ ಖಗೋಳಜ್ಞ ಪಾಗ್‌ಸನ್ ಇದಕ್ಕೊಂದು ಗಣಿತ ಹೊಂದಿಸಿದ. ಐದು ಮೆಟ್ಟಿಲಿಗೆ ಸರಿಯಾಗಿ ನೂರು ಪಟ್ಟು ಬೆಳಕು, ಒಂದು ಮೆಟ್ಟಿಲಿಗೆ ಸುಮಾರು ಎರಡೂವರೆ ಪಟ್ಟು. ಹಾಗಾಗಿ 1ರಿಂದ 3ಕ್ಕೆ ಹೋಯಿತು ಅಂದರೆ ಬೆಳಕು ಆರನೇ ಒಂದು ಪಾಲಿಗೆ ಇಳಿಯಿತು ಅಂತ ಅರ್ಥ. ಅಜ್ಜಿಯ ಕಣ್ಣಿಗೆ ಕಂಡಿದ್ದೂ ಅದೇ.

ಮೂಲ ಹೀಗಿದ್ದ ಮೇಲೆ ನಮ್ಮಲ್ಲಿ ಇದಕ್ಕೆ ಸಲೀಸಾದ ಪದ ಆಗಲೇ ಇದೆಯಲ್ಲ ಅನ್ನಿಸಿತು: ದರ್ಜೆ. ಮೊದಲ ದರ್ಜೆ, ಎರಡನೇ ದರ್ಜೆ. ಪ್ರಥಮ ದರ್ಜೆ ಸಹಾಯಕ ದ್ವಿತೀಯ ದರ್ಜೆ ಸಹಾಯಕನಿಗಿಂತ ಮೇಲೆ ಅನ್ನೋದನ್ನ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಸಂಖ್ಯೆ ಚಿಕ್ಕದಾದಷ್ಟೂ ಮೇಲೆ, ಅದು ಆ ಪದದೊಳಗೇ ಇದೆ. ಪಕ್ಕದ ಮರಾಠಿಯವರು ಇದಕ್ಕೆ 'ದೃಶ್ಯಪ್ರತ' ಅನ್ನುತ್ತಾರೆ. ಅವರ 'ಪ್ರತ' ಅಂದರೂ ದರ್ಜೆಯೇ.

ಇದಕ್ಕಿಂತ ನನಗೆ ಹಿಡಿಸಿದ್ದು ಕ್ರಿಯಾಪದ. 'ಮೇಲ್ದರ್ಜೆಗೆ ಏರಿಸಿದರು' ಅಂತ ಆಸ್ಪತ್ರೆ, ಶಾಲೆ, ರಸ್ತೆ ಎಲ್ಲದಕ್ಕೂ ದಿನಾ ಪೇಪರಿನಲ್ಲಿ ಓದುತ್ತೇವೆ. ಬಾಲಚುಕ್ಕಿ 5ರಿಂದ 3ಕ್ಕೆ ಬಂದರೆ 'ಎರಡು ದರ್ಜೆ ಮೇಲೇರಿತು', 1ರಿಂದ 3ಕ್ಕೆ ಹೋದರೆ 'ಎರಡು ದರ್ಜೆ ಕೆಳಗಿಳಿಯಿತು'. ಇಲ್ಲಿ ಏರುವುದು ಬೆಳಕೋ ಸಂಖ್ಯೆಯೋ ಅನ್ನೋ ಗೊಂದಲವೇ ಬರುವುದಿಲ್ಲ.

ಆದರೆ ಎರಡು ಕಡೆ ಸಿಕ್ಕಿಕೊಂಡಿದ್ದೇನೆ. ಒಂದು, ಸೊನ್ನೆ ಮತ್ತು ಅದರ ಆಚೆ. ಸ್ವಾತಿ ನಕ್ಷತ್ರದ್ದು ಹೆಚ್ಚುಕಡಿಮೆ 0. ಶುಕ್ರನದ್ದು ಮೈನಸ್ 4ರ ಹತ್ತಿರ. ಈ ಬಾಲಚುಕ್ಕಿಯೂ ಅಕ್ಟೋಬರ್ 9ರ ಆಸುಪಾಸಿಗೆ, ನಮಗೂ ಸೂರ್ಯನಿಗೂ ನಡುವೆ ಬಂದಾಗ, ಅದರ ದೂಳಿನ ಮೂಲಕ ಬಿಸಿಲು ನಮ್ಮ ಕಡೆಗೇ ಚದುರಿ ಮೈನಸ್ 4ನ್ನೂ ದಾಟಿತ್ತು. ಆದರೆ ಸೂರ್ಯನ ಪಕ್ಕದಲ್ಲೇ ಇದ್ದದ್ದರಿಂದ ನಮ್ಮ ಕಣ್ಣಿಗೆ ಬೀಳಲಿಲ್ಲ, ಸೂರ್ಯನನ್ನು ನೋಡುವ ಸೋಹೊ ನೌಕೆಯ ಚಿತ್ರಗಳಲ್ಲಿ ಸಿಕ್ಕಿತು. ಇಂಥದ್ದಕ್ಕೆ 'ಸೊನ್ನೆಯನೇ ದರ್ಜೆ', 'ಮೈನಸ್ ನಾಲ್ಕನೇ ದರ್ಜೆ' ಅಂದರೆ ಕಿವಿಗೆ ಒರಟು. '2.4ನೇ ದರ್ಜೆ'ಯೂ ಅಷ್ಟೇ. 'ನೇ' ಬಿಟ್ಟು ಸುಮ್ನೆ 'ದರ್ಜೆ 2.4', 'ದರ್ಜೆ ಮೈನಸ್ 4' ಅಂತ ಬರೆದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತೆ? ನನಗೆ ಪರವಾಗಿಲ್ಲ ಅನ್ನಿಸುತ್ತಿದೆ. ಆದರೆ ಬರೆದವನಿಗೆ ತನ್ನ ಪದ ಬೇಗ ಒಗ್ಗಿಬಿಡುತ್ತದೆ, ಅದಕ್ಕೇ ಕೇಳುತ್ತಿದ್ದೇನೆ.

ಎರಡನೆಯದು ಸ್ವಲ್ಪ ಸೂಕ್ಷ್ಮ. ದರ್ಜೆ 3ರ ನಕ್ಷತ್ರ ಮತ್ತು ದರ್ಜೆ 3ರ ಬಾಲಚುಕ್ಕಿ ಕಣ್ಣಿಗೆ ಒಂದೇ ಥರ ಕಾಣುವುದಿಲ್ಲ. ನಕ್ಷತ್ರದ ಬೆಳಕೆಲ್ಲ ಒಂದು ಚುಕ್ಕೆಯಲ್ಲಿರುತ್ತದೆ, ಬಾಲಚುಕ್ಕಿಯದ್ದು ಅಗಲಕ್ಕೆ ಹರಡಿರುತ್ತದೆ. ಒಂದು ಚಮಚ ತುಪ್ಪವನ್ನು ಒಂದು ಇಡ್ಲಿಗೆ ಹಾಕುವುದಕ್ಕೂ ಒಂದು ತಪ್ಪಲೆ ಅನ್ನಕ್ಕೆ ಕಲಸುವುದಕ್ಕೂ ಇರುವ ವ್ಯತ್ಯಾಸ ಇದು. ಅದಕ್ಕೇ ಅಳೆಯುವಾಗ ಬೈನಾಕ್ಯುಲರಿನ ಫೋಕಸ್ಸನ್ನು ಬೇಕಂತಲೇ ಕೆಡಿಸಿಕೊಳ್ಳುತ್ತೇವೆ. ಮೊದಲು ಬಾಲಚುಕ್ಕಿಯ ತಲೆಯನ್ನು ಸರಿಯಾಗಿ ನೋಡಿ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಆಮೇಲೆ ಗಾಲಿಯನ್ನು ನಿಧಾನ ತಿರುಗಿಸಿದರೆ ಪಕ್ಕದ ನಕ್ಷತ್ರ ಊದಿಕೊಂಡು ಬಿಳಿ ಬಿಲ್ಲೆಯಾಗುತ್ತದೆ. ಅದು ಬಾಲಚುಕ್ಕಿಯಷ್ಟೇ ಅಗಲವಾದಾಗ ನಿಲ್ಲಿಸಿ ಎರಡರ ಬೆಳಕನ್ನೂ ಹೋಲಿಸಬೇಕು. ಅವತ್ತು ಅಜ್ಜಿಯ ಕೈಗೆ ಬೈನಾಕ್ಯುಲರ್ ಕೊಟ್ಟು ಇದನ್ನೇ ತೋರಿಸಿದೆ. 'ಅದು ಮಂಕಲ್ಲ, ತೆಳು' ಅಂದರು. ಆ ಮಾತು ನನಗೆ ತುಂಬಾ ಹಿಡಿಸಿತು. ಬೆಳಕೇ ಕಡಿಮೆಯಿದ್ದರೆ 'ಮಂಕು', ಬೆಳಕಿದ್ದೂ ಹರಡಿಹೋಗಿದ್ದರೆ 'ತೆಳು'. ಈ ಭೇದವನ್ನು ಬರಹದಲ್ಲೂ ಹೀಗೇ ಇಟ್ಟುಕೊಳ್ಳಬಹುದಾ? 'ಮಬ್ಬು' ಬೇಡ. ಓದುವವರು ಮೋಡ ಕವಿದಿದೆ ಅಂದುಕೊಳ್ಳುತ್ತಾರೆ.

ಇದರ ಜೊತೆಗೇ 'ಕಕ್ಷೆ' ಬಗ್ಗೆಯೂ ಒಂದು ಮಾತು. ಹ್ಯಾಲಿ ಬಾಲಚುಕ್ಕಿ 1910ರಲ್ಲಿ ಬಂತು, 1986ರಲ್ಲಿ ಬಂತು, 2061ರಲ್ಲಿ ಬರುತ್ತದೆ. ಅದರದ್ದು ಕಕ್ಷೆ, ಸರಿ. ಆದರೆ 2025ರ ಜುಲೈ 1ರಂದು ಕಂಡುಹಿಡಿದ 3ಐ/ಅಟ್ಲಾಸ್ ಬಾಲಚುಕ್ಕಿ ಬೇರೆ ನಕ್ಷತ್ರಗಳ ಕಡೆಯಿಂದ ಬಂದು, ಸೂರ್ಯನ ಬಳಿ ಸ್ವಲ್ಪ ಬಾಗಿ, ಹೋಗಿಯೇಬಿಡುವ ಅತಿಥಿ. ಅದಕ್ಕೂ 'ಕಕ್ಷೆಯಲ್ಲಿ ಸುತ್ತುತ್ತಿದೆ' ಅಂತ ಬರೆದಿದ್ದನ್ನು ಓದಿದೆ. ಗಣಿತದವರಿಗೆ ಎರಡೂ ಕಕ್ಷೆಯೇ ಇರಬಹುದು. ಆದರೆ ಸುತ್ತದ್ದನ್ನು ಸುತ್ತುತ್ತದೆ ಅನ್ನಬಾರದು. ನಾನು 'ಹಾದಿ' ಅಂತ ಬರೆಯುತ್ತೇನೆ. ರಾತ್ರಿಯಿಂದ ರಾತ್ರಿಗೆ ನಕ್ಷತ್ರಗಳ ನಡುವೆ ಅದು ಸರಿದ ಗುರುತುಗಳನ್ನು ಸೇರಿಸಿದರೆ ಸಿಗುವುದಕ್ಕೆ 'ಜಾಡು'. ಕಕ್ಷೆ, ಹಾದಿ, ಜಾಡು ಮೂರನ್ನೂ ಹೀಗೆ ಬೇರೆ ಬೇರೆ ಕೆಲಸಕ್ಕೆ ಹಚ್ಚಿದರೆ ಯಾರಿಗಾದರೂ ಆಕ್ಷೇಪ ಇದೆಯಾ?

ಇನ್ನೊಂದು ಕೋರಿಕೆ. ನಿಮ್ಮ ಮನೆಯಲ್ಲಿ 1965ರ ಇಕೆಯಾ-ಸೆಕಿಯನ್ನೋ 1986ರ ಹ್ಯಾಲಿಯನ್ನೋ ನೋಡಿದ ಹಿರಿಯರಿದ್ದರೆ, ಬಾಲಚುಕ್ಕಿ ದಿನೇ ದಿನೇ ಕ್ಷೀಣಿಸುವುದಕ್ಕೆ ಅವರು ಯಾವ ಮಾತು ಬಳಸುತ್ತಿದ್ದರು ಅಂತ ಕೇಳಿ ಬರೆಯಿರಿ. ನಮ್ಮ ಅಜ್ಜಿಯ 'ತೆಳು' ಇದ್ದ ಹಾಗೆ ನಿಮ್ಮ ಕಡೆಯೂ ಒಂದು ಇದ್ದೇ ಇರುತ್ತದೆ. ಊರಿನ ಹೆಸರೂ ಜೊತೆಗೆ ಬರೆದರೆ ಉಪಕಾರ.