ಅಪ್‌ಡೇಟ್: ಯುಎಫ್ (ಅಲ್ಟ್ರಾಫಿಲ್ಟ್ರೇಶನ್) ಮೆಂಬ್ರೇನ್ ಫ್ಲಕ್ಸ್ (ಸೋಸುವ ಪೊರೆಯಲ್ಲಿ ನೀರು ಇಳಿಯುವ ವೇಗ) ವಾಪಸ್ ಬಂತ್ರೀ

ಕಾಸ್ಟಿಕ್ ಸೋಡಾ ಹಾಕಿ ತೊಳೆದರೂ ಪನೀರಿನ ವೇ (ಹಾಲು ಒಡೆದಾಗ ಉಳಿಯುವ ನೀರು) ಸೋಸುವ ಮೆಂಬ್ರೇನಿನಲ್ಲಿ ನೀರು ಇಳಿಯುತ್ತಿಲ್ಲ ಅಂತ ಕೇಳಿದ್ದೆ. 'ಆಸಿಡ್ ವಾಶ್ ಮಾಡಿ ನೋಡ್ರಿ' ಅಂದವರಿಗೆ ಶರಣು! ಕಾಸ್ಟಿಕ್ ಪ್ರೋಟೀನ್, ಜಿಡ್ಡು ತೆಗೆಯುತ್ತದೆ. ವೇಯಿಂದ ಕೂತ ಕ್ಯಾಲ್ಸಿಯಂ ಫಾಸ್ಫೇಟ್ ಲವಣ ಅದಕ್ಕೆ ಜಗ್ಗಲ್ಲ, ಆಸಿಡ್‌ಗೆ ಕರಗುತ್ತದೆ. ಮೇಲಾಗಿ ನಮ್ಮ ಶಹಾಬಾದ್ ಕಡೆ ಸುಣ್ಣಕಲ್ಲಿನ ಗಡಸು ಬೋರ್‌ನೀರು. ಈಗ ತೊಳೆಯಲು ಆರ್‌ಒ (ಲವಣ ತೆಗೆದ) ನೀರು, ಕಾಸ್ಟಿಕ್ ಆದಮೇಲೆ ಪಿಎಚ್ 2ರ ಸಿಟ್ರಿಕ್ ಆಸಿಡ್.

ಲೆಕ್ಕವನ್ನೂ ಹಾಕಿದೆ. ಮೆಂಬ್ರೇನಿನ ಎರಡು ಬದಿಯ ಒತ್ತಡದ ವ್ಯತ್ಯಾಸವನ್ನು ಸ್ನಿಗ್ಧತೆ (ದ್ರವದ ಮಂದತನ) ಮತ್ತು ಫ್ಲಕ್ಸ್‌ಗಳ ಗುಣಲಬ್ಧದಿಂದ ಭಾಗಿಸಿದರೆ ನೀರಿಗೆ ಎದುರಾಗುವ ಒಟ್ಟು ತಡೆ. ಹೊಸ ಮೆಂಬ್ರೇನಿನ ತಡೆ ಕಳೆದರೆ ಉಳಿದಿದ್ದೆಲ್ಲ ಕೊಳೆ. ಉಷ್ಣಾಂಶ ಮಾತ್ರ ಮರೀಬ್ಯಾಡ್ರಿ: ನೀರಿನ ಸ್ನಿಗ್ಧತೆ 25 ಡಿಗ್ರಿಯಲ್ಲಿ 0.89 ಮಿಲಿಪಾಸ್ಕಲ್-ಸೆಕೆಂಡ್, 50ರಲ್ಲಿ 0.55. ಕಲಬುರಗಿ ಬ್ಯಾಸಗ್ಯಾಗ ಟ್ಯಾಂಕ್ ನೀರೇ ಬಿಸಿ. ಅದನ್ನು ಸರಿದೂಗಿಸದಿದ್ದರೆ ಕೊಳೆ ಇದ್ದರೂ ಫ್ಲಕ್ಸ್ ಚೊಲೋ ಕಾಣ್ತದ.