ಅಳಿವೆಬಾಗಿಲಿನ ವಲಸೆ ಹಕ್ಕಿಗಳು: ಫೋಟೋ ಮಂಜಾಗ್ತದೆ, ಹತ್ತಿರ ಹೋದರೆ ಹಾರ್ತವೆ, ಎಂತ ಮಾಡುವುದು?

ಪಡುಕರೆ_ಹುಡುಗಿ:

ನಮಸ್ಕಾರ. ಮಳೆ ಬಿಟ್ಟ ಮೇಲೆ ಉಡುಪಿಯ ಆಸುಪಾಸಿನಲ್ಲಿ ವಲಸೆ ಹಕ್ಕಿಗಳ ಫೋಟೋ ತೆಗೀಲಿಕ್ಕೆ ಶುರು ಮಾಡಿದ್ದೇನೆ. 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ (ಮಧ್ಯಮ ಗಾತ್ರದ ಸೆನ್ಸರಿನ) ಕ್ಯಾಮೆರಾ ಬಾಡಿ, 150-600 ಎಂಎಂ ಲೆನ್ಸ್ (600ರಲ್ಲಿ ಎಫ್/6.3). ಹೂಡೆಯಿಂದ ಬೆಂಗ್ರೆ ತುದಿಯವರೆಗೆ ಹೋಗುವುದು, ತಲುಪುವಾಗ ಹೆಚ್ಚಾಗಿ ಒಂಬತ್ತೂವರೆ, ಹತ್ತು ಗಂಟೆ.

ಮೂರು ತೊಂದರೆ ಉಂಟು. ಪ್ಲವರ್‌ನಂಥ ಸಣ್ಣ ಹಕ್ಕಿಗಳು 1/2000 ಶಟರ್ ಇಟ್ಟರೂ ಮಂಜು ಮಂಜಾಗಿ ಬರ್ತವೆ. ಟರ್ನ್‌ಗಳ (ಬಿಳಿ ಕಡಲಹಕ್ಕಿ) ಬೆನ್ನು, ರೆಕ್ಕೆ ಬರೀ ಬಿಳಿ ಕಾಗದದ ಹಾಗೆ ಕಾಣ್ತದೆ. ಇನ್ನು ಎಷ್ಟು ಮೆಲ್ಲ ನಡೆದು ಹೋದರೂ ನಲವತ್ತು ಮೀಟರ್ ದೂರದಲ್ಲೇ ಹಿಂಡು ಹಾರಿಬಿಡ್ತದೆ. ಲೆನ್ಸ್ ಸರ್ವಿಸಿಗೆ ಕೊಡಬೇಕಾ?

ಹೊಳೆಕರೆ:

ಸರ್ವಿಸಿಗೆ ಕೊಡುವ ಮೊದಲು ಹೋಗುವ ಹೊತ್ತು ಬದಲಿಸಿ ಮಾರಾಯ್ರೆ. ಹತ್ತು ಗಂಟೆಗೆ ಮರಳು ಕಾದಿರ್ತದೆ. ಅದರ ಮೇಲಿನ ಗಾಳಿ ಕುದಿಯುವಾಗ ಬೆಳಕು ನೇರವಾಗಿ ಬರುವುದಿಲ್ಲ. ಬಿಸಿಲ್ಗುದುರೆ ಅಂತ ಹೇಳ್ತೇವಲ್ಲ, ಅದೇ. 600 ಎಂಎಂ ಲೆನ್ಸ್ ಹಕ್ಕಿಯ ಜೊತೆ ಈ ಕುದಿತವನ್ನೂ ದೊಡ್ಡದು ಮಾಡಿ ತೋರಿಸ್ತದೆ. ಪರೀಕ್ಷೆ ಸುಲಭ: ಅಲುಗಾಡದೆ ನಿಂತ ಹಕ್ಕಿಯ ಇಪ್ಪತ್ತು ಫ್ರೇಮ್ ಒಂದೇ ಸಲ ತೆಗೆಯಿರಿ. ಕೊಕ್ಕಿನ ಅಂಚು ಒಂದರಲ್ಲಿ ನೇರ, ಮತ್ತೊಂದರಲ್ಲಿ ಡೊಂಕು ಬಂದರೆ ಗಾಳಿಯ ದೋಷ. ಇಪ್ಪತ್ತರಲ್ಲೂ ಹಕ್ಕಿ ಒಂದೇ ರೀತಿ ಮಂಜಾಗಿ, ಅದರ ಮುಂದಿನ ಅಥವಾ ಹಿಂದಿನ ಮರಳು ಮಾತ್ರ ಚೂಪಾಗಿದ್ದರೆ ಫೋಕಸಿನ ದೋಷ. ಮೊದಲನೆಯದಕ್ಕೆ ಶಟರ್ ಏರಿಸಿದರೂ, ಕಂಪ್ಯೂಟರಿನಲ್ಲಿ ಶಾರ್ಪ್ ಮಾಡಿದರೂ ಮದ್ದಿಲ್ಲ. ಬೇಗ ಹೋಗಬೇಕು, ಹತ್ತಿರದಿಂದ ತೆಗೆಯಬೇಕು. ಅಕ್ಟೋಬರಿನಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಸಾಧಾರಣ 6.20ಕ್ಕೆ. ಆರೂಮುಕ್ಕಾಲರಿಂದ ಎಂಟೂವರೆ ನಿಮ್ಮ ಹೊತ್ತು. ಕಾರಿನ ಕಿಟಕಿಯಿಂದ ತೆಗೆಯುವುದಾದರೆ ಎಸಿ ಬಂದ್ ಮಾಡಿ ಹತ್ತು ನಿಮಿಷ ಕಿಟಕಿ ತೆರೆದಿಡಿ. ಒಳಗಿನ ತಂಪು, ಹೊರಗಿನ ಸೆಕೆ ಸೇರುವ ಕಿಟಕಿಯಲ್ಲೂ ಅದೇ ಕುದಿತ ಉಂಟು.

ದೂರದ ಲೆಕ್ಕ ನೋಡಿ. 18 ಸೆಂಟಿಮೀಟರಿನ ಪ್ಲವರ್ ನಿಮ್ಮ ಕ್ಯಾಮೆರಾದಲ್ಲಿ 600 ಎಂಎಂಗೆ 40 ಮೀಟರಿನಿಂದ ಸುಮಾರು 690 ಪಿಕ್ಸೆಲ್ ಉದ್ದ ಬರ್ತದೆ, ಫ್ರೇಮಿನ ಒಂಬತ್ತನೇ ಒಂದು ಪಾಲು. 20 ಮೀಟರಿನಲ್ಲಿ 1,380. 10 ಮೀಟರಿನಲ್ಲಿ 2,750, ಹೆಚ್ಚುಕಡಿಮೆ ಅರ್ಧ ಫ್ರೇಮ್. ಕರ್ಲ್ಯೂನಂಥ ದೊಡ್ಡ ಹಕ್ಕಿ ಆದರೆ 30 ಮೀಟರಿನಲ್ಲೇ ಅಷ್ಟು ದೊಡ್ಡದು ಸಿಗ್ತದೆ, ಅದಕ್ಕೆ ಹತ್ತಿರ ಹೋಗುವ ಅಗತ್ಯವೇ ಇಲ್ಲ.

ಆ 10 ಮೀಟರ್ ನಡೆದು ಸಿಗುವುದಲ್ಲ, ಭರತ (ಕಡಲಿನ ನೀರು ಏರುವುದು) ತಂದುಕೊಡಬೇಕು. ಇಳಿತದಲ್ಲಿ ಹಕ್ಕಿಗಳು ಕೆಸರಿನ ಉದ್ದಗಲಕ್ಕೆ ಹರಡಿ ಹುಳ, ಏಡಿಮರಿ ಹೆಕ್ಕುತ್ತಿರ್ತವೆ. ನೀರು ಏರಿದ ಹಾಗೆ ಮೇಯುವ ಜಾಗ ಕಿರಿದಾಗಿ ದಡದ ಕಡೆಗೆ ತಾವಾಗಿಯೇ ಸರಿದು ಬರ್ತವೆ. ನವಮಂಗಳೂರು ಬಂದರಿನ ಭರತ-ಇಳಿತದ ಪಟ್ಟಿ ನೋಡಿ, ಬೆಳಗ್ಗೆ ಎಂಟೂವರೆಯಿಂದ ಒಂಬತ್ತೂವರೆಯೊಳಗೆ ಭರತ ತುಂಬುವ ದಿನ ಆರಿಸಿ. ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗ್ತದೆ, ಹಾಗಾಗಿ ಹದಿನೈದು ದಿನಕ್ಕೆ ಒಂದೆರಡು ಒಳ್ಳೆಯ ಬೆಳಗು ಸಿಕ್ಕೇ ಸಿಗ್ತವೆ. ಹೊಳೆಯ ಒಳಗೆ ಹೋದಷ್ಟೂ ಬಂದರಿನ ಸಮಯಕ್ಕಿಂತ ತಡ, ನೆನಪಿರಲಿ. ಭರತಕ್ಕೆ ಎರಡು ಗಂಟೆ ಮೊದಲೇ ಹೋಗಿ, ನೀರಿನ ಅಂಚಿನಿಂದ ಹತ್ತು-ಹನ್ನೆರಡು ಮೀಟರ್ ಮೇಲೆ ಒಣ ಮರಳಿನಲ್ಲಿ ಕೂತುಬಿಡಿ. ನಿಂತ ಮನುಷ್ಯನ ಆಕಾರಕ್ಕೆ ಅವು ಹೆದರುವಷ್ಟು ಕೂತವನಿಗೆ ಹೆದರುವುದಿಲ್ಲ. ಅರ್ಧ ಗಂಟೆ ಕೈ ಬೀಸದೆ ಕೂತರೆ ಸ್ಯಾಂಡರ್ಲಿಂಗ್ ಎಂಬ ಸಣ್ಣ ಹಕ್ಕಿ ಅಲೆಯ ಹಿಂದೆ ಓಡ್ತಾ ಓಡ್ತಾ ಫೋಕಸ್ ಆಗದಷ್ಟು ಹತ್ತಿರ ಬರುವುದೂ ಉಂಟು.

ಭರತ ಪೂರ್ತಿ ತುಂಬಿ ಹಕ್ಕಿಗಳು ಒಂದೇ ಕಡೆ ಒತ್ತಾಗಿ, ಕೊಕ್ಕು ಬೆನ್ನಿಗೆ ಸಿಕ್ಕಿಸಿ ನಿಂತ ಮೇಲೆ ಮಾತ್ರ ಜಾಗ ಬಿಟ್ಟು ಏಳಬೇಡಿ, ಹತ್ತಿರವೂ ಹೋಗಬೇಡಿ. ಅದು ಅವುಗಳ ನಿದ್ದೆಯ ಹೊತ್ತು. ಸಾವಿರಾರು ಕಿಲೋಮೀಟರ್ ಹಾರಿ ಬಂದು ಕರಗಿದ ಕೊಬ್ಬು ಕೂಡಿಸಿಕೊಳ್ಳುತ್ತಿರುವ ಹಕ್ಕಿಯನ್ನು ಎಬ್ಬಿಸಿದರೆ ಬೆಳಗಿಡೀ ತಿಂದದ್ದರಲ್ಲಿ ಒಂದು ಪಾಲು ಹಾರಾಟಕ್ಕೇ ಖರ್ಚು. ಹಾರುವ ಹಿಂಡಿನ ಫೋಟೋಗಾಗಿ ಬೇಕಂತಲೇ ಓಡಿಸುವುದು ದೊಡ್ಡ ತಪ್ಪು. ತಲೆ ಎತ್ತಿ ನಿಲ್ಲುವುದು, ಮೇಯುವುದು ಬಿಟ್ಟು ಒಂದೇ ದಿಕ್ಕಿಗೆ ನಡೆಯುವುದು ಕಂಡರೆ ಅಲ್ಲಿಗೇ ನಿಲ್ಲಿ, ಎರಡು ಹೆಜ್ಜೆ ಹಿಂದೆ ಬನ್ನಿ.

ಕಾಪು_ದೀಪ:

ಟರ್ನ್ ಬಿಳಿ ಸುಟ್ಟುಹೋಗುವುದಕ್ಕೆ ಕಾರಣ ಕ್ಯಾಮೆರಾದ ಮೀಟರ್. ಕಪ್ಪಾದ ಹೊಳೆ ನೀರು ಫ್ರೇಮಿನ ಮುಕ್ಕಾಲು ಪಾಲು ಇದ್ದರೆ ಅದು ಬೆಳಕು ಸಾಲದು ಅಂದುಕೊಂಡು ಏರಿಸುತ್ತದೆ, ಬಿಳಿ ಹಕ್ಕಿ ಹೋಯಿತು. ಅದೇ ಹಕ್ಕಿ ಬೆಳ್ಳಗಿನ ಆಕಾಶಕ್ಕೆ ಏರಿದರೆ ಉಲ್ಟಾ, ಹೊಟ್ಟೆ ಕಪ್ಪಾಗುತ್ತದೆ. ಹಿನ್ನೆಲೆ ಬದಲಾದರೂ ಹಕ್ಕಿಯ ಮೇಲೆ ಬೀಳುವ ಬಿಸಿಲು ಬದಲಾಗುವುದಿಲ್ಲ, ಆದ್ದರಿಂದ ಪೂರ್ತಿ ಮ್ಯಾನ್ಯುವಲ್‌ಗೆ ಬನ್ನಿ, ಆಟೋ ಐಎಸ್‌ಒ (ಸೆನ್ಸರಿನ ಬೆಳಕಿನ ಸೂಕ್ಷ್ಮತೆ) ಕೂಡ ಬೇಡ. ಮೋಡವಿಲ್ಲದ ಗಟ್ಟಿ ಬಿಸಿಲಿಗೆ ಎಫ್/6.3, 1/3200, ಐಎಸ್‌ಒ 400ರಿಂದ ಶುರು ಮಾಡಿ. ಬೆಳಗ್ಗೆ ಏಳರ ಎಳೆ ಬಿಸಿಲಿಗೆ 1/2500, ಐಎಸ್‌ಒ 800. ಒಂದು ಫ್ರೇಮ್ ತೆಗೆದು ಹೈಲೈಟ್ ಎಚ್ಚರಿಕೆ ನೋಡಿ: ರೆಕ್ಕೆಯ ಮೇಲೆ ಮಿನುಗಿದರೆ ಶಟರ್ ಒಂದು ಕ್ಲಿಕ್ ಏರಿಸಿ, ಮಿನುಗು ನಿಲ್ಲುವವರೆಗೆ. ಬಿಸಿಲು ಏರಿದ ಹಾಗೆ ಕಾಲು ಗಂಟೆಗೊಮ್ಮೆ ಇದನ್ನು ಮತ್ತೆ ನೋಡಬೇಕು. ಮೋಡ ಓಡಾಡುತ್ತಿದ್ದರೆ ಮಾತ್ರ ಆಟೋ ಐಎಸ್‌ಒ ಜೊತೆ ನೀರಿನ ಹಿನ್ನೆಲೆಗೆ ಎಕ್ಸ್‌ಪೋಶರ್ ಮೈನಸ್ 0.7, ಆಕಾಶಕ್ಕೆ ಪ್ಲಸ್ 1. ರಾ ಫೈಲ್‌ನಲ್ಲೇ ತೆಗೆಯಿರಿ.

ಇದಕ್ಕಿಂತ ದೊಡ್ಡ ವಿಷಯ ಗಾಳಿಯ ದಿಕ್ಕು, ಹೆಚ್ಚಿನವರು ಗಮನಿಸುವುದಿಲ್ಲ. ಹಕ್ಕಿ ಇಳಿಯುವುದೂ ಏರುವುದೂ ಗಾಳಿಗೆ ಮುಖ ಮಾಡಿ. ಮಳೆಗಾಲ ಮುಗಿದ ಮೇಲೆ ನಮ್ಮ ಕರಾವಳಿಯಲ್ಲಿ ಬೆಳಗಿನ ಗಾಳಿ ನೆಲದಿಂದ ಕಡಲಿಗೆ, ಅಂದರೆ ಪೂರ್ವದಿಂದ. ಬಿಸಿಲೂ ಪೂರ್ವದಿಂದ. ನೀವು ದಡದಲ್ಲಿ ಪೂರ್ವಕ್ಕೆ ಬೆನ್ನು ಹಾಕಿ ಕೂತರೆ ಟರ್ನ್ ನಿಮ್ಮ ಕಡೆ ಮುಖ ಮಾಡಿ ತೇಲುತ್ತದೆ, ಕಣ್ಣಿನಲ್ಲಿ ಬೆಳಕಿನ ಚುಕ್ಕಿ ಇರುತ್ತದೆ. ಟರ್ನ್‌ನ ಕಣ್ಣು ಕರಿ ಟೊಪ್ಪಿಯೊಳಗೆ ಅಡಗಿದೆ, ಆ ಚುಕ್ಕಿ ಇಲ್ಲದಿದ್ದರೆ ಕಣ್ಣೇ ಇಲ್ಲದ ಹಾಗೆ ಕಾಣುತ್ತದೆ. ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಎದ್ದು ಎಲ್ಲ ಹಕ್ಕಿಗಳೂ ಪಶ್ಚಿಮಕ್ಕೆ ತಿರುಗುತ್ತವೆ, ನಿಮಗೆ ಸಿಗುವುದು ಬಾಲ.

ಮಲ್ಪೆ, ಪಡುಕರೆ ಕಡೆ ಕೈರಂಪಣಿ ಬಲೆ ಎಳೆಯುವಾಗ ಟರ್ನ್, ಗರುಡ, ನವೆಂಬರ್ ಬಂದರೆ ಗಲ್‌ಗಳೂ ಮುತ್ತುತ್ತವೆ. ಮೀನುಗಾರರಿಗೆ ಒಂದು ಮಾತು ಹೇಳಿ, ಹಗ್ಗದ ದಾರಿ ಬಿಟ್ಟು ನಿಲ್ಲಿ. ಅಲ್ಲಿ 600 ಬೇಡ, 300-400ರಲ್ಲಿ ಇಟ್ಟರೆ ರೆಕ್ಕೆ ತುಂಡಾಗುವುದಿಲ್ಲ.

ಪಡುಕರೆ_ಹುಡುಗಿ:

ಥ್ಯಾಂಕ್ಸ್, ತುಂಬಾ ಉಪಕಾರ. ನನಗೆ ಸಿಗುವುದು ಭಾನುವಾರ ಮಾತ್ರ. ಆ ದಿನ ಭರತ ಸಂಜೆಗೆ ಬಿದ್ದರೆ ಎಂತ ಮಾಡುವುದು? ಮತ್ತೆ ಮರಳಿನಲ್ಲಿ ಮಲಗಿ ತೆಗೆಯುವಾಗ ಲೆನ್ಸ್ ಎಲ್ಲಿ ಇಡುವುದು?

ಸಸಿಹಿತ್ಲು_ತೀರ:

ಸಂಜೆಯಾದರೆ ಬೆನ್ನು ತಿರುಗಿಸಿ ಅಷ್ಟೆ. ಬೆಂಗ್ರೆ ಕಡೆಗೆ ಹೋಗುವಾಗ ಎಡಗಡೆ ಕಡಲು, ಬಲಗಡೆ ಸುವರ್ಣಾ ನದಿ ಅಲ್ವಾ? ಬೆಳಗ್ಗೆ ಕಡಲ ಬದಿ, ಸಂಜೆ ನಾಲ್ಕರ ಮೇಲೆ ಹೊಳೆ ಬದಿ. ಪಶ್ಚಿಮದ ಬಿಸಿಲು, ಗಾಳಿ ಎರಡೂ ಆಗ ನಿಮ್ಮ ಬೆನ್ನಿಗೆ. ಶಾಂಭವಿ, ನಂದಿನಿ ಕಡಲು ಸೇರುವ ಸಸಿಹಿತ್ಲಿನಲ್ಲೂ ಇದೇ ಲೆಕ್ಕ. ಆದರೆ ಅಳಿವೆಯ ನಡುವಿನ ಮರಳದಿಬ್ಬಕ್ಕೆ ನೀರು ಏರುವಾಗ ದಾಟಿ ಹೋಗಬೇಡಿ. ಮೊಣಕಾಲು ನೀರು ಅಂತ ದಾಟಿದ್ದು ವಾಪಸ್ ಬರುವಾಗ ಆಳ ಆಗಿರ್ತದೆ, ಸೆಳೆತ ಬೇರೆ. ಅಕ್ಟೋಬರಿನಲ್ಲಿ ಸಂಜೆ ಗುಡುಗು-ಸಿಡಿಲು ಸಾಮಾನ್ಯ. ಬಯಲು ಮರಳಿನಲ್ಲಿ ಎತ್ತರದ ವಸ್ತು ನೀವೊಬ್ಬರೇ, ಪೂರ್ವದಲ್ಲಿ ಮೋಡ ಕಟ್ಟಿದ್ದು ಕಂಡ ಕೂಡಲೇ ಹೊರಡಿ.

ಲೆನ್ಸ್ ಇಡ್ಲಿಕ್ಕೆ ಹನ್ನೆರಡು ಇಂಚಿನ ಅಡಿಕೆ ಹಾಳೆತಟ್ಟೆ, ಅದರ ಮೇಲೆ ಬೀನ್‌ಬ್ಯಾಗ್. ಹಳೆಯ ಜೀನ್ಸ್ ಪ್ಯಾಂಟಿನ ಕಾಲು ಒಂದಡಿ ಕತ್ತರಿಸಿ, ಎರಡೂ ಬದಿ ಹೊಲಿದು, ಒಳಗೆ ಪ್ಲಾಸ್ಟಿಕ್ ಚೀಲದಲ್ಲಿ ಒಂದೂವರೆ ಕಿಲೋ ಹುರುಳಿ ತುಂಬಿಸಿ. ಮುಕ್ಕಾಲು ಮಾತ್ರ ತುಂಬಿಸಬೇಕು, ಬಿಗಿ ತುಂಬಿಸಿದರೆ ಲೆನ್ಸ್ ಕೂರುವುದಿಲ್ಲ, ಉರುಳ್ತದೆ. ಮರಳು ತುಂಬಿಸಬೇಡಿ: ಹೊಲಿಗೆಯಲ್ಲಿ ಸೋರಿ ಝೂಮ್ ರಿಂಗಿನೊಳಗೆ ಸೇರ್ತದೆ. ಹಾಳೆಯ ಏರಿದ ಅಂಚು ನೀರು, ಮರಳು ಎರಡನ್ನೂ ತಡೀತದೆ, ಒದ್ದೆ ಮರಳಿನ ಮೇಲೆ ಸರ್ರನೆ ಜಾರ್ತದೆ. ಮಕ್ಕಳು ಹಾಳೆಯಲ್ಲಿ ಕೂತು ಎಳೆಸಿಕೊಳ್ಳುವುದು ಇದೇ ಜಾರಿಕೆಯಿಂದ ತಾನೆ. ಕೆಳಮಟ್ಟದಲ್ಲಿ ಕುದಿತ ಹೆಚ್ಚು ಕಾಣ್ತದೆ, ಹಾಗಾಗಿ ಮಲಗಿ ತೆಗೆಯುವುದನ್ನು ಎಂಟರ ಒಳಗೆ ಮುಗಿಸಿ.

ಮನೆಗೆ ಬಂದ ಮೇಲೆ ಮೊದಲು ಬ್ಲೋವರ್, ಮತ್ತೆ ಸಿಹಿನೀರಿನಲ್ಲಿ ಅದ್ದಿ ಗಟ್ಟಿ ಹಿಂಡಿದ ಬಟ್ಟೆ, ಕೊನೆಗೆ ಒಣ ಬಟ್ಟೆ. ಒಣ ಬಟ್ಟೆಯಿಂದಲೇ ಶುರು ಮಾಡಿದರೆ ಉಪ್ಪಿನ ಹರಳು ಗೀರ್ತದೆ. 150-600 ಝೂಮ್ ಮಾಡುವಾಗ ಉದ್ದವಾಗುವ ಲೆನ್ಸ್, ಕೊಳವೆ ಒರೆಸದೆ ಒಳಗೆ ಎಳೆದರೆ ಉಪ್ಪೂ ಒಳಗೆ. ಇಡುವುದು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ, 250 ಗ್ರಾಂ ಸಿಲಿಕಾ ಜೆಲ್, ಶೇಕಡಾ ತೇವಾಂಶ ತೋರಿಸುವ ಒಂದು ಸಣ್ಣ ಹೈಗ್ರೋಮೀಟರ್ ಜೊತೆ. ಮುಳ್ಳು 40-50ರಲ್ಲಿ ಇರಬೇಕು. 60 ದಾಟಿ ವಾರಗಟ್ಟಲೆ ನಿಂತರೆ ಗಾಜಿಗೆ ಫಂಗಸ್.

ಬೈಲುಗದ್ದೆ:

ಭಾನುವಾರ ಭರತ ಕೂಡಿಬರದಿದ್ದರೆ ಗದ್ದೆಗೆ ಹೋಗಿ. ಕಾರ್ತಿ ಬೆಳೆ (ಮಳೆಗಾಲದ ಭತ್ತ) ಕೊಯ್ದ ಬೈಲಿನಲ್ಲಿ ಪೆಸಿಫಿಕ್ ಗೋಲ್ಡನ್ ಪ್ಲವರ್, ಹಳದಿ ಕುಂಡೆಕುಸ್ಕ, ಕವಲುತೋಕೆ ಎಲ್ಲ ಸಿಗ್ತವೆ. ಕಾರಿನಿಂದ ಇಳಿಯದೆ ತೆಗೆದರೆ ಅವುಗಳಿಗೂ ನೆಮ್ಮದಿ. ಮೊದಲು ಬರುವುದು ಪ್ರಾಯಕ್ಕೆ ಬಂದ ಹಕ್ಕಿಗಳು, ಗೋಲ್ಡನ್ ಪ್ಲವರ್‌ನ ಎದೆಯಲ್ಲಿ ಸಂತಾನಕಾಲದ ಕಪ್ಪು ತೇಪೆ ಸೆಪ್ಟೆಂಬರಿನಲ್ಲಿ ಇನ್ನೂ ಉಳಿದಿರ್ತದೆ. ಆ ವರ್ಷದ ಮರಿಗಳು ಹಿಂದಿನಿಂದ ಬರ್ತವೆ, ಅವುಗಳ ಬೆನ್ನಿನ ಗರಿ ಹೊಸದು, ಒಂದೊಂದಕ್ಕೂ ತಿಳಿ ಅಂಚು, ಮೀನಿನ ಹುರುಪೆ ಜೋಡಿಸಿದ ಹಾಗೆ.

ಗುರುತು ಹಿಡೀಲಿಕ್ಕೆ ಚಂದದ ಒಂದೇ ಫೋಟೋ ಸಾಲುವುದಿಲ್ಲ. ಬದಿಯಿಂದ ಒಂದು, ಕೆಸರು ಮೆತ್ತದ ಕಾಲಿನದ್ದು ಒಂದು, ಹಿಂಬದಿಯ ಕುತ್ತಿಗೆ ಒಂದು, ರೆಕ್ಕೆ ಬಿಚ್ಚಿದ್ದು ಸಿಕ್ಕಿದರೆ ಒಂದು. ಕೆಂಟಿಷ್ ಪ್ಲವರ್‌ಗೆ ಕುತ್ತಿಗೆಯ ಹಿಂದೆ ಬಿಳಿ ಪಟ್ಟಿ ಉಂಟು, ಸ್ಯಾಂಡ್ ಪ್ಲವರ್‌ಗೆ ಇಲ್ಲ. ಹಿಂದೆ ಲೆಸ್ಸರ್ ಸ್ಯಾಂಡ್ ಪ್ಲವರ್ ಎಂದಿದ್ದದ್ದು ಈಗಿನ ಪಟ್ಟಿಗಳಲ್ಲಿ ಟಿಬೆಟನ್, ಸೈಬೀರಿಯನ್ ಎಂದು ಎರಡಾಗಿದೆ. ಕರ್ಲ್ಯೂ ಹಾಗೆಯೇ ಕಾಣುವ ವಿಂಬ್ರೆಲ್‌ಗೆ ತಲೆಯ ಮೇಲೆ ಪಟ್ಟೆ, ಕೊಕ್ಕು ಗಿಡ್ಡ. ಕರ್ಲ್ಯೂಗೆ ಪಟ್ಟೆ ಇಲ್ಲ, ಕೊಕ್ಕು ಬಲು ಉದ್ದ.

ಕಾಲಿನಲ್ಲಿ ಬಣ್ಣದ ಪಟ್ಟಿ ಅಥವಾ ಉಂಗುರ ಕಂಡರೆ ಬೇರೆ ಎಲ್ಲ ಬಿಟ್ಟು ಅದರ ಫೋಟೋ ತೆಗೆಯಿರಿ. ಯಾವ ಕಾಲು, ಮೊಣಗಂಟಿನ ಮೇಲೋ ಕೆಳಗೋ, ಯಾವ ಬಣ್ಣದ ಮೇಲೆ ಯಾವ ಬಣ್ಣ, ಅಕ್ಷರ ಉಂಟಾ, ಎಲ್ಲ ಬರೆದು ಮುಂಬೈಯ ಬಿಎನ್‌ಎಚ್‌ಎಸ್‌ಗೆ (ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ) ದಿನಾಂಕ, ಜಾಗದ ಸಮೇತ ಕಳಿಸಿ. ಫೋಟೋವನ್ನು ಎಡಬಲ ತಿರುಗಿಸಿ ಎಡಿಟ್ ಮಾಡಿದ್ದನ್ನು ಮಾತ್ರ ಕಳಿಸಬೇಡಿ, ಕಾಲು ಅದಲುಬದಲಾದರೆ ಅದು ಬೇರೆಯೇ ಹಕ್ಕಿ ಆಗಿಬಿಡ್ತದೆ.